ಅಕ್ಕನ ಓಲೆಯ ಜೋಡಿ ಹರಳು

ನನ್ನ ಭಾವ ಹಲ್ಲು ಮಾಡುವವರು. ಹಲ್ಲಿನ ಡಾಕ್ಟರಲ್ಲ, ಡಾಕ್ಟರು ಕಿತ್ತ ಹಲ್ಲುಗಳ ಜಾಗಕ್ಕೆ ಕೂರಿಸುವ ಸೆಟ್ಟುಗಳನ್ನು ತಯಾರಿಸುವವರು. ದವಾಖಾನೆಯ ಹಿಂಭಾಗದಲ್ಲಿ, ಕಿಟಕಿ ಇದ್ದೂ ಬೆಳಕು ಬಾರದ ಒಂದು ಕೋಣೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತು ಒಳಗೆ ಬಂದವರನ್ನೆಲ್ಲ ನೋಡಿ ನಗುತ್ತಿದ್ದವು. ಬೇರೆ ಗಂಡಂದಿರು ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆ. ಇವರು ನಮ್ಮಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ದವಡೆಗಳನ್ನು ತೋರಿಸಿದರಂತೆ. "ಭಯ ಆಗ್ಲಿಲ್ವೇನೇ?" ಎಂದು ಕೇಳಿದ್ದಕ್ಕೆ ಅಕ್ಕ, "ಇಲ್ಲ ಕಣೇ. ಒಂದೊಂದೂ ಯಾರದ್ದು ಅಂತ ಎಷ್ಟು ಪ್ರೀತಿಯಿಂದ ಹೇಳಿದ್ರು ಗೊತ್ತಾ? ನನಗೇ ಹೊಟ್ಟೆಕಿಚ್ಚಾಯ್ತು" ಎಂದಿದ್ದಳು.

ಕೆಲಸದಲ್ಲಿ ಅವರದು ಎತ್ತಿದ ಕೈ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಎಲ್ಲ ಹಲ್ಲುಗಳನ್ನೂ ಒಂದೇ ಸಮ ಕೂರಿಸಿದರೆ ಕಟ್ಟಿಸಿದ್ದು ಅಂತ ನೋಡಿದ ತಕ್ಷಣ ಗೊತ್ತಾಗಿಬಿಡುತ್ತದೆ ಎಂದು ಮುಂದಿನ ಒಂದು ಹಲ್ಲನ್ನು ಕೂದಲೆಳೆಯಷ್ಟು ಓರೆ ಮಾಡಿ, ಇನ್ನೊಂದರ ತುದಿಯನ್ನು ಚೂರೇ ಚೂರು ಸವೆಸುತ್ತಿದ್ದರು. "ದೇವರು ಯಾರಿಗೂ ಸ್ಕೇಲ್ ಇಟ್ಟು ಹಲ್ಲು ಕೊಟ್ಟಿಲ್ಲ" ಎನ್ನುತ್ತಿದ್ದರು. ಇಷ್ಟು ತಿಳಿದ ಮನುಷ್ಯ ಮನೆಗೆ ಬಂದ ಕೂಡಲೇ ಅದನ್ನೆಲ್ಲ ಮರೆತದ್ದು ಹೇಗೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಕಲ್ಲು ಉಜ್ಜಿ ಹರಳು ಮಾಡುವ ಹುಚ್ಚು ಅವರಿಗೆ ಹತ್ತಿದ್ದು ದವಾಖಾನೆಯ ಹಳೇ ಪಾಲಿಶ್ ಯಂತ್ರವನ್ನು ಗುಜರಿಗೆ ಹಾಕುವಾಗ. ಅದನ್ನು ಹೊತ್ತು ತಂದು ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಜಾಗದಲ್ಲಿ ಕೂರಿಸಿದರು. ಒಂದು ಕಡೆ ಒರಟು ಚಕ್ರ, ಇನ್ನೊಂದು ಕಡೆ ಚರ್ಮ ಹೊದಿಸಿದ ನುಣುಪು ಚಕ್ರ. ಉಜ್ಜುವಾಗ ಕಲ್ಲು ಬಿಸಿಯಾಗಿ ಬಿರುಕು ಬಿಡಬಾರದಲ್ಲ, ಅದಕ್ಕೆ ಮೇಲೆ ಗ್ಲೂಕೋಸ್ ಬಾಟಲಿ ನೇತುಹಾಕಿ ಚಕ್ರದ ಮೇಲೆ ಹನಿಹನಿ ನೀರು ಬೀಳುವಂತೆ ಮಾಡಿದರು. ನೋಡಿದವರಿಗೆ ಯಂತ್ರಕ್ಕೇ ಕಾಯಿಲೆ ಅನ್ನಿಸಬೇಕು. ಕಲ್ಲಿನ ಬಿಲ್ಲೆಯನ್ನು ಅರಗು ಕರಗಿಸಿ ಕಡ್ಡಿಯ ತುದಿಗೆ ಅಂಟಿಸುವುದು, ಕಡ್ಡಿಯನ್ನು ತಿರುಗಿಸುತ್ತ ತಿರುಗಿಸುತ್ತ ಉಜ್ಜುವುದು. ಕೆಳಗೆ ಚಪ್ಪಟೆ, ಮೇಲೆ ಗುಮ್ಮಟದಂತೆ ಉಬ್ಬು. ಉಂಗುರದ ಹರಳು ಹುಟ್ಟುವುದು ಹೀಗೆ. ಜೊತೆಗೆ ಬೂದುಬಣ್ಣದ ಕೆಸರು ಹಾರಿ ಅಕ್ಕ ಒಗೆದು ಹರವಿದ ಬಟ್ಟೆಯ ಮೇಲೆಲ್ಲ ಚುಕ್ಕಿ ಇಡುವುದು. ಅಕ್ಕ ಒಂದು ವಾರ ಗೊಣಗಿದಳು, ಎರಡನೇ ವಾರ ಹಗ್ಗವನ್ನು ಬೇರೆ ಕಡೆ ಕಟ್ಟಿಕೊಂಡಳು.

ಪಕ್ಕದಲ್ಲಿ ಯಾರೋ ಮನೆ ಕಟ್ಟಿಸಲು ಜಲ್ಲಿ ಸುರಿಸಿದ್ದರು. ಮಳೆ ಬಂದು ನಿಂತ ಒಂದು ಸಂಜೆ ಆ ರಾಶಿಯಲ್ಲಿ ಮುಷ್ಟಿಗಾತ್ರದ ಒಂದು ಕಲ್ಲನ್ನು ಹೆಕ್ಕಿದವಳು ಅಕ್ಕ. ಮೇಲೆ ನೋಡಿದರೆ ಆಲೂಗಡ್ಡೆ. ಒಡೆದಿದ್ದ ಒಂದು ಮೂಲೆಯಲ್ಲಿ ಮಾತ್ರ ಜೇನಿನ ಬಣ್ಣ, ಅದರ ನಡುವೆ ಹಾಲಿನ ಬಿಳುಪಿನ ಸಣ್ಣ ಗೆರೆ. ಭಾವ ಅದನ್ನು ಕೈಯಲ್ಲಿ ಹಿಡಿದು ಕುಣಿದಾಡಿಬಿಟ್ಟರು. "ಇದರಲ್ಲಿ ನಿನಗೆ ಓಲೆ ಮಾಡ್ತೀನಿ ನೋಡ್ತಿರು" ಎಂದರು. ಗ್ರಾನೈಟ್ ಅಂಗಡಿಯವನ ಹತ್ತಿರ ಕೊಯ್ಯಿಸಿ ನೋಡಿದಾಗ ಜೇನುಬಣ್ಣ ಇದ್ದದ್ದು ಒಂದೇ ಒಂದು ಬಿಲ್ಲೆಯಷ್ಟು. ಎರಡು ಹರಳಿಗೆ ಸಾಕು, ಮೂರನೆಯದಕ್ಕೆ ಇಲ್ಲ.

ಅಕ್ಕನ ಹತ್ತಿರ ಚಿನ್ನದ ಓಲೆ ಇದ್ದದ್ದು ಒಂದೇ ಜೊತೆ. ಅದನ್ನು ಅವಳೇ ಬಿಚ್ಚಿ ಕೊಟ್ಟಳು, ಕರಗಿಸಿ ಹರಳು ಕೂರಿಸುವ ಮನೆ ಮಾಡಲಿ ಎಂದು. ಅವಳ ಕಿವಿಗೆ ಚಿನ್ನ ಬಿಟ್ಟು ಬೇರೆ ಯಾವುದು ತಾಗಿದರೂ ಕೆಂಪಾಗಿ ಸೋರುತ್ತಿತ್ತು. ಅಲ್ಲಿಯವರೆಗೆ ಇರಲಿ ಎಂದು ಎರಡೂ ತೂತಿಗೆ ಕಡ್ಡಿ ಸಿಕ್ಕಿಸಿಕೊಂಡಳು. "ಇನ್ನೇನು, ಬರೋ ತಿಂಗಳು ಆಗಿಬಿಡುತ್ತೆ" ಎಂದು ನನ್ನೆದುರು ಕನ್ನಡಿ ನೋಡಿಕೊಂಡು ನಕ್ಕಿದ್ದಳು. ಆ ನಗು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮೊದಲನೇ ಹರಳು ಚೆನ್ನಾಗಿ ಬಂತು. ನಾನೇ ನೋಡಿದ್ದೇನೆ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ನಡುವೆ ಬಿಳಿ ಗೆರೆ, ಒದ್ದೆ ಇಲ್ಲದಿದ್ದರೂ ಒದ್ದೆ ಇದ್ದಂತೆ ಹೊಳಪು. ಎರಡನೆಯದು ಒಂದು ಚೂರು ಸಣ್ಣದಾಯಿತು, ಗೆರೆಯೂ ಸ್ವಲ್ಪ ಪಕ್ಕಕ್ಕಿತ್ತು. ಅಕ್ಕ ಎರಡನ್ನೂ ಅಂಗೈಯಲ್ಲಿಟ್ಟು, "ಎಷ್ಟು ಚೆನ್ನಾಗಿವೆಯಲ್ರೀ! ಇವತ್ತೇ ಅಕ್ಕಸಾಲಿಗರ ಹತ್ರ ಕೊಟ್ಟುಬಿಡಿ" ಎಂದಳು.

"ಜೋಡಿ ಆಗಿಲ್ಲ ಕಣೇ. ನೋಡು, ಇದು ಸಣ್ಣದು."

"ಒಂದು ಈ ಕಡೆ, ಒಂದು ಆ ಕಡೆ. ನಡುವೆ ನನ್ನ ಮುಖ ಇರುತ್ತಲ್ಲ. ಯಾರು ಅಳೀತಾರೆ?"

"ನನಗೆ ಗೊತ್ತಾಗುತ್ತಲ್ಲ" ಎಂದರು ಭಾವ.

ಸರಿ, ಸಣ್ಣದನ್ನು ದೊಡ್ಡದು ಮಾಡುವ ವಿದ್ಯೆ ಯಾರಿಗೂ ಗೊತ್ತಿಲ್ಲವಲ್ಲ. ದೊಡ್ಡದನ್ನೇ ಉಜ್ಜಿ ಸಣ್ಣದರ ಸಮಕ್ಕೆ ತಂದರು. ತರುವಾಗ ಕೈ ಒಂದು ಗಳಿಗೆ ಹೆಚ್ಚಾಯಿತು, ಈಗ ಅದೇ ಸಣ್ಣದಾಯಿತು. ಇನ್ನೊಂದನ್ನು ಉಜ್ಜಿದರು. ಅಳತೆ ಕೂಡಿದರೆ ಉಬ್ಬು ಕೂಡಲಿಲ್ಲ. ಉಬ್ಬು ಕೂಡಿಸಿದರೆ ಗೆರೆ ಸರಿಯಿತು. ಉಜ್ಜಿದಷ್ಟೂ ಒಳಗಿನ ಗೆರೆ ಜಾಗ ಬದಲಿಸುತ್ತದಂತೆ. ಪ್ರತಿ ಸಲವೂ ಒರಟು ಚಕ್ರದಿಂದ ಶುರುಮಾಡಿ, ಉಪ್ಪುಕಾಗದದಲ್ಲಿ ತಿಕ್ಕಿ, ಚರ್ಮದ ಚಕ್ರದ ಮೇಲೆ ಬಿಳಿ ಪುಡಿ ಹಚ್ಚಿ ಹೊಳಪು ಬರಿಸಬೇಕು. ಆಮೇಲೆ ಭೂತಗನ್ನಡಿ ಹಿಡಿದು ನೋಡಿ ತಲೆ ಅಲ್ಲಾಡಿಸಬೇಕು. "ಕೈ ಇನ್ನೂ ಪಳಗಲಿ" ಎಂದು ಎರಡನ್ನೂ ಡಬ್ಬಿಯಲ್ಲಿಟ್ಟು ತಿಂಗಳುಗಟ್ಟಲೆ ಬೇರೆ ಕಲ್ಲುಗಳನ್ನು ಉಜ್ಜುತ್ತಿದ್ದರು.

ಆ ಬೇರೆ ಕಲ್ಲುಗಳು ಊರೆಲ್ಲ ಹಂಚಿಕೆಯಾದವು. ದವಾಖಾನೆಯ ನರ್ಸಮ್ಮನಿಗೆ ಹಸಿರು ಉಂಗುರ. ಡಾಕ್ಟರ ಹೆಂಡತಿಗೆ ಪದಕ. ನನ್ನ ಮಗಳಿಗೊಂದು, ಅವಳ ಗೆಳತಿಗೊಂದು; "ಹಲ್ಲು ದೊಡ್ಡಪ್ಪ ಕೊಟ್ಟರು" ಎಂದು ಮೆರೆದಾಡಿದವು. ಒಂಟಿ ಹರಳಿಗೆ ಸಮ ನೋಡಲು ಇನ್ನೊಂದಿಲ್ಲವಲ್ಲ, ಧಾರಾಳವಾಗಿ ಕೊಟ್ಟರು. ಅಕ್ಕ ಮಾತ್ರ ಎಲ್ಲ ಮದುವೆ ಮುಂಜಿಗಳಿಗೂ ಬೋಳು ಕಿವಿಯ ಮೇಲೆ ಕೂದಲು ಇಳಿಬಿಟ್ಟುಕೊಂಡು ಬಂದಳು. ಕೇಳಿದವರಿಗೆ ಮೊದಮೊದಲು, "ಕಲ್ಲಿನ ಓಲೆ ಆಗ್ತಿದೆ, ಇವರೇ ಮಾಡ್ತಿದ್ದಾರೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಆಮೇಲಾಮೇಲೆ ಸುಮ್ಮನೆ ನಗುತ್ತಿದ್ದಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ನನ್ನ ಚಿನ್ನದ ಓಲೆಯನ್ನೇ ಬಿಚ್ಚಿ ಅವಳ ಕೈಗಿಟ್ಟೆ. ಹಿಂದಕ್ಕೆ ತಳ್ಳಿದಳು. "ಬೇಡ ಕಣೇ. ಬೇರೆ ಹಾಕ್ಕೊಂಡ್ರೆ ಅವರಿಗೆ ಬೇಜಾರಾಗುತ್ತೆ. ನನಗೋಸ್ಕರ ತಾನೇ ಅಷ್ಟು ಒದ್ದಾಡ್ತಿರೋದು."

"ನಿನಗೋಸ್ಕರ ಆದ್ರೆ ನೀನು ಚೆನ್ನಾಗಿದೆ ಅಂದಾಗಲೇ ಕೊಡಬೇಕಿತ್ತು" ಎಂದು ನಾನು, ಅಡುಗೆಮನೆಯ ಹಿಂದೆ ಕೂತಿದ್ದ ಭಾವನಿಗೂ ಕೇಳಲಿ ಎಂದೇ ಜೋರಾಗಿ ಹೇಳಿದೆ. ಯಂತ್ರದ ಸದ್ದಿಗೆ ಕೇಳಿತೋ ಇಲ್ಲವೋ.

ಅಕ್ಕಸಾಲಿಗರು ಮೊದಲನೇ ಅಳತೆಗೆ ಮಾಡಿಟ್ಟಿದ್ದ ಹರಳಿನ ಮನೆಯನ್ನು ಕರಗಿಸಿ ಸಣ್ಣದು ಮಾಡಿದರು. ಅದನ್ನೂ ಕರಗಿಸಿ ಇನ್ನೂ ಸಣ್ಣದು ಮಾಡಿದರು. "ಸ್ವಾಮಿ, ಮುಂದಿನ ಸಲ ಹರಳಿನ ಜೊತೆ ನಿಮ್ಮ ಭೂತಗನ್ನಡಿನೂ ಕೊಟ್ಟು ಹೋಗಿ, ಕೆಳಗೆ ಬಿದ್ರೆ ಹುಡುಕೋಕೆ" ಎಂದರಂತೆ. ಈ ತಮಾಷೆಯನ್ನು ಭಾವನೇ ನಗುತ್ತ ನಮಗೆ ಹೇಳಿದರು. ಅಕ್ಕನೂ ನಕ್ಕಳು. ಅಷ್ಟು ಹೊತ್ತಿಗೆ ಅವಳ ಕೂದಲು ನೆರೆತಿತ್ತು.

ಕೊನೆಗೂ ಜೋಡಿ ಕೂಡಿತು. ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮನೆಯಲ್ಲೇ ಇದ್ದೆ. ಅಕ್ಕ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಭಾವ ಅಕ್ಕಸಾಲಿಗರ ಅಂಗಡಿಯಿಂದ ನೇರವಾಗಿ ಬಂದು, ಚಪ್ಪಲಿಯನ್ನೂ ಬಿಡದೆ ಅವಳ ಮುಂದೆ ನಿಂತು ಡಬ್ಬಿ ತೆರೆದರು. ತೊಗರಿಕಾಳಿನಷ್ಟು ದೊಡ್ಡ ಎರಡು ಹರಳು. ಬಿಳಿ ಗೆರೆ ಎಂದೋ ಉಜ್ಜಿಹೋಗಿ ಬರೀ ಜೇನುಬಣ್ಣ ಉಳಿದಿತ್ತು. ಅಳತೆಯಲ್ಲಿ, ಉಬ್ಬಿನಲ್ಲಿ, ಹೊಳಪಿನಲ್ಲಿ ಒಂದಕ್ಕೊಂದು ತದ್ರೂಪ. ಭಾವನ ಮುಖದ ಮೇಲೆ ಪರೀಕ್ಷೆ ಪಾಸಾದ ಮಕ್ಕಳ ಕಳೆ ಇತ್ತು.

"ನಾನೇ ಹಾಕ್ತೀನಿ ಇರು" ಎಂದು ಅವಳ ಕೂದಲನ್ನು ಹಿಂದಕ್ಕೆ ಸರಿಸಿದರು. ಓಲೆಯ ಕೊಕ್ಕೆಯನ್ನು ಕಿವಿಗೆ ಒತ್ತಿದರು. ಹೋಗಲಿಲ್ಲ. ಸ್ವಲ್ಪ ಪಕ್ಕಕ್ಕೆ ಒತ್ತಿದರು. ಅಕ್ಕ ಹಲ್ಲು ಕಚ್ಚಿದಳು. ಭಾವ ಅವಳ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು, ಇನ್ನೊಂದು ಕಿವಿಯನ್ನೂ ನೋಡಿದರು. ತೂತಿದ್ದ ಕಡೆ ಸಣ್ಣ ಗುಳಿ ಬಿಟ್ಟರೆ ಏನೂ ಇರಲಿಲ್ಲ.

"ಇದು ಯಾವಾಗ ಮುಚ್ಕೊಂಡಿತು?"

"ಆಗಲೇ ಎಷ್ಟೋ ವರ್ಷ ಆಯ್ತು. ಕಡ್ಡಿ ಹಾಕಿ ಹಾಕಿ ಕೀವಾಗ್ತಿತ್ತು, ಬಿಟ್ಟುಬಿಟ್ಟೆ."

"ನನಗೆ ಹೇಳೋದಲ್ವಾ?"

"ದಿನಾ ಎದುರಿಗೇ ಕೂತು ಊಟ ಮಾಡ್ತೀರಲ್ಲ" ಎಂದಳು ಅಕ್ಕ. "ಕಂಡಿರುತ್ತೆ ಅಂದ್ಕೊಂಡಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಭಾವನಿಗೆ ಎಷ್ಟೋ ಹಗುರವಾಗುತ್ತಿತ್ತು. "ನಾಳೇನೇ ಚುಚ್ಚಿಸೋಣ. ನಮ್ಮ ಡಾಕ್ಟರಿಗೇ ಹೇಳ್ತೀನಿ, ಮರಗಟ್ಟೋ ಇಂಜೆಕ್ಷನ್ ಕೊಟ್ರೆ ನೋವೇ ಗೊತ್ತಾಗಲ್ಲ" ಎಂದು ತಡಬಡಾಯಿಸಿದರು.

"ನೋವಿಗೆ ಹೆದರಿ ಅಲ್ಲಾರೀ. ಆಗ ನನಗೆ ತುಂಬ ಆಸೆ ಇತ್ತು. ನೀವು ಮಾಡಿದ್ದನ್ನ ಹಾಕ್ಕೊಂಡು ನಿಮ್ಮ ಮುಂದೆ ಓಡಾಡಬೇಕು, ನೀವು ನೋಡಬೇಕು ಅಂತ. ಈಗ ಹುಡುಕಿಕೊಂಡ್ರೂ ಆ ಆಸೆ ಸಿಗ್ತಿಲ್ಲ. ಸುಳ್ಳು ಹೇಳಿ ಚುಚ್ಚಿಸ್ಕೊಳ್ಳಲಾ?"

ಭಾವ ಓಲೆಯನ್ನು ಡಬ್ಬಿಯೊಳಗಿಟ್ಟು ಅಡುಗೆಮನೆ ದಾಟಿ ಹಿಂದಕ್ಕೆ ಹೋದರು. ಅಕ್ಕ ಡಬ್ಬಿಯನ್ನು ಮುಚ್ಚಿ ಬೀರುವಿನಲ್ಲಿಟ್ಟು ಬಂದು ಉಳಿದ ಬಟ್ಟೆಗಳನ್ನು ಮಡಚತೊಡಗಿದಳು.

ನನಗೆ ಅವತ್ತು ಭಾವನಿಗೆ ನಾಲ್ಕು ಮಾತು ಅನ್ನಲೇಬೇಕಿತ್ತು. ಇಷ್ಟು ವರ್ಷ ಅಕ್ಕನ ಮುಖ ನೋಡಿ ಅವರೆದುರು ನಾಲಿಗೆ ಕಟ್ಟಿಕೊಂಡಿದ್ದೆ. ಸೊಂಟಕ್ಕೆ ಸೆರಗು ಸಿಕ್ಕಿಸಿ ಹಿಂದಕ್ಕೆ ಹೋದೆ. ಅವರು ಯಂತ್ರ ಹಾಕಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಬಾಯಿ ತೆಗೆಯುವುದಕ್ಕೆ ಮುಂಚೆ ಅವರೇ ತಲೆಯೆತ್ತಿದರು.

"ಅವಳ ಎಡಗಿವಿ ಬಲಗಿವಿಗಿಂತ ಒಂಚೂರು ಕೆಳಗಿದೆ. ಗೊತ್ತಾ ನಿನಗೆ?"

"ಗೊತ್ತು ಭಾವ" ಎಂದೆ. ಚಿಕ್ಕಂದಿನಲ್ಲಿ ದಿನಾ ಅವಳಿಗೆ ಜಡೆ ಹೆಣೆಯುತ್ತಿದ್ದವಳು ನಾನು.

"ನಾನು ಇವತ್ತು ನೋಡಿದೆ" ಎಂದರು ಭಾವ.