ಹತ್ತು ಎಣಿಸುವುದರೊಳಗೆ

ರೈಲ್ವೆ ಕ್ವಾರ್ಟರ್ಸಿನಲ್ಲಿ ನನ್ನ ಅಪ್ಪನಿಗೆ ಎಲ್ಲರೂ ಇಟ್ಟಿದ್ದ ಹೆಸರು ಪಟಾಕಿ. ಹೆಸರು ಬಂದದ್ದು ಕೆಲಸದಿಂದ, ಉಳಿದದ್ದು ಸ್ವಭಾವದಿಂದ. ಮುಖದೆದುರು ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ನಾನಂತೂ ಎದುರಿಗೆ ಅವನಿಗೆ ಬಹುವಚನವನ್ನೇ ಕೊಟ್ಟುಕೊಂಡು ಬಂದವಳು, ನಲವತ್ತಾರು ವರ್ಷ. ಇಲ್ಲಿ ಬರೆಯುವಾಗ ಮಾತ್ರ ಏಕವಚನ. ಕಾಗದದ ಮೇಲೆ ಯಾರ ಕೈಯೂ ಮೇಲೇಳುವುದಿಲ್ಲ.

ಅವನದು ಮಂಜಿನ ಕೆಲಸ. ಚಳಿಗಾಲದ ಬೆಳಗ್ಗೆ ಮಂಜು ಕವಿದು ಸಿಗ್ನಲ್ ಕಂಬ ಕಾಣದಂತಾದರೆ ಸ್ಟೇಷನ್ ಮಾಸ್ಟರು ಅಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಸಿಗ್ನಲ್ಲಿಗಿಂತ ಇನ್ನೂರೆಪ್ಪತ್ತು ಮೀಟರ್ ಆಚೆ ನಡೆದು ಹೋಗಿ ಹಳಿಯ ಮೇಲೆ ಪಟಾಕಿ ಕಟ್ಟಬೇಕು. ಪಟಾಕಿ ಎಂದರೆ ಬೂಟ್ ಪಾಲಿಶ್ ಡಬ್ಬಿಯಷ್ಟಿರುವ ತಗಡಿನ ಬಿಲ್ಲೆ. ಒಳಗೆ ಮದ್ದು, ಎರಡು ಬದಿಗೆ ಹಳಿಯ ಸುತ್ತ ಮಡಿಸಲು ಸೀಸದ ಪಟ್ಟಿ. ಗಾಡಿಯ ಚಕ್ರ ಹತ್ತಿದ ಕೂಡಲೇ ಢಮ್ಮೆನ್ನುತ್ತದೆ. ಕಣ್ಣಿಗೆ ಕಾಣದ ಸಿಗ್ನಲ್ ಹತ್ತಿರ ಬಂತೆಂದು ಡ್ರೈವರ್ ಕಿವಿಯಿಂದ ತಿಳಿದುಕೊಂಡು ವೇಗ ಇಳಿಸುತ್ತಾನೆ. ಹತ್ತು ಮೀಟರ್ ಬಿಟ್ಟು ಇನ್ನೊಂದನ್ನೂ ಕಟ್ಟಬೇಕು, ಏಕೆಂದರೆ ಮೊದಲನೆಯದು ತೇವ ಹಿಡಿದು ಠುಸ್ಸೆನ್ನಬಹುದು. "ಒಂದು ಸದ್ದಾದ್ರೆ ಡ್ರೈವರ್ ಏನೋ ಕಲ್ಲು ಅನ್ಕೊಳ್ತಾನೆ, ಎರಡಾದ್ರೆ ತಪ್ಪು ತಿಳ್ಕೊಳ್ಳೋಕೆ ಆಗಲ್ಲ" ಎನ್ನುತ್ತಿದ್ದ. ಮೂವತ್ತೊಂದು ಚಳಿಗಾಲದಲ್ಲಿ ಅವನ ಪಾಲಿನ ಹಳಿಯ ಮೇಲೆ ಒಂದೇ ಒಂದು ಅಪಘಾತ ಆಗಲಿಲ್ಲ. ಅವನ ಮೇಲೆ ನನಗೆಷ್ಟೇ ಸಿಟ್ಟಿದ್ದರೂ ಇದನ್ನು ಬರೆಯಲೇಬೇಕು.

ಮನೆಯಲ್ಲೂ ಅವನ ಲೆಕ್ಕ ಎರಡೇ. ಮೊದಲ ಏಟು ಬಿತ್ತೆಂದರೆ ಹತ್ತು ಎಣಿಸುವುದರೊಳಗೆ ಎರಡನೆಯದು ಬೀಳಬೇಕು. ನಡುವೆ ಅವನು ಕೈ ಹಾಗೇ ಎತ್ತಿ ಹಿಡಿದು ನಿಲ್ಲುತ್ತಿದ್ದ, ತುಟಿ ಸಣ್ಣಗೆ ಅಲುಗುತ್ತಿತ್ತು. ಕೆಲವೊಮ್ಮೆ ಮೂರಕ್ಕೇ ಬೀಳುತ್ತಿತ್ತು, ಕೆಲವೊಮ್ಮೆ ಒಂಬತ್ತಕ್ಕೆ. ಏಟಿಗಿಂತ ಆ ಎಣಿಕೆಗೇ ನಾನು ಹೆಚ್ಚು ಹೆದರುತ್ತಿದ್ದೆ. ಒಂದರಿಂದ ಹತ್ತರ ತನಕ ನಾನು ಕಲಿತದ್ದು ಶಾಲೆಯಲ್ಲಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗಿನ ಮಾತು. ಸ್ಟೇಷನ್ನಿನಲ್ಲಿ ಇರಬೇಕಾದ ಪಟಾಕಿ ಪೆಟ್ಟಿಗೆಯನ್ನು ಅಪ್ಪ ಅವಸರಕ್ಕಿರಲಿ ಎಂದು ಮನೆಯಲ್ಲೇ ಇಡುತ್ತಿದ್ದ, ಅದೂ ಒಲೆಯ ಮೇಲಿನ ಹಲಗೆಯಲ್ಲಿ. ಬೆಂಕಿ, ಹಬೆ ಎರಡಕ್ಕೂ ಹೆದರಿ ಅಮ್ಮ ಅದನ್ನು ಎತ್ತಿ ಮಂಚದ ಕೆಳಗಿನ ಟ್ರಂಕಿನಲ್ಲಿಟ್ಟಳು. ಮರುದಿನ ಬೆಳಗ್ಗೆ ಎದುರುಮನೆ ಕಾಣದಷ್ಟು ಮಂಜು. ಕರೆ ಬಂತು, ಹಲಗೆಯ ಮೇಲೆ ಪೆಟ್ಟಿಗೆ ಇಲ್ಲ. ಅಮ್ಮ ಟ್ರಂಕ್ ಎಳೆದು ತೆಗೆಯುವಷ್ಟರಲ್ಲಿ ಎರಡು ನಿಮಿಷ ತಡವಾಯಿತು. ಅವಳು ಪೆಟ್ಟಿಗೆ ಹಿಡಿದು ಎದ್ದು ನಿಲ್ಲುತ್ತಿದ್ದಂತೆ ಎಡಗೆನ್ನೆಗೆ ಬಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತು ಎಣಿಸಿದೆ. ಏಳಕ್ಕೆ ಎರಡನೆಯದು ಅದೇ ಜಾಗಕ್ಕೆ ಬಿತ್ತು. ಅವಳ ತಲೆ ಗೋಡೆಗೆ ಬಡಿಯಿತು, ಕಿವಿಯಿಂದ ರಕ್ತ ಇಳಿದು ರವಿಕೆಯ ಭುಜ ನೆನೆಯಿತು. ಅವನು ಅದನ್ನು ನೋಡದೆ ಪೆಟ್ಟಿಗೆ ಕಿತ್ತುಕೊಂಡು ಓಡಿದ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಎರಡು ಸದ್ದು ಕೇಳಿಸಿತು. ಗಾಡಿ ಸುರಕ್ಷಿತವಾಗಿ ನಿಂತಿತು.

ಆಸ್ಪತ್ರೆಯಲ್ಲಿ ಅಪ್ಪ, ಪಟಾಕಿ ಕೈಜಾರಿ ಕಿವಿಯ ಹತ್ತಿರ ಸಿಡಿಯಿತು ಎಂದ. ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಅಮ್ಮ ಬಾಯಿ ಬಿಡದಿದ್ದಾಗ ನನ್ನ ಕಡೆ ಬಗ್ಗಿ, ನೀನು ನೋಡಿದೆಯಾ ಮಗು ಎಂದು ಕೇಳಿದರು. ನಾನು ಅಪ್ಪನ ಕೈ ನೋಡಿದೆ. ಹೌದು, ಪಟಾಕಿಯೇ ಸಿಡಿದದ್ದು ಎಂದೆ. ಹಾಗೆ ನೋಡಿದರೆ ಸುಳ್ಳೇನಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸಮಾಧಾನವಾಗಿಲ್ಲ.

ಆ ಎಡಗಿವಿ ಮತ್ತೆ ಕೇಳಲಿಲ್ಲ. ಅಮ್ಮ ಅದನ್ನೂ ಒಂದು ಅನುಕೂಲ ಮಾಡಿಕೊಂಡಳು. ಬೇಕಾದವರು ಬಂದರೆ ಬಲಕ್ಕೆ ಕೂರಿಸಿಕೊಳ್ಳುವಳು. ಚಾಡಿ ಹೇಳಲು ಬರುವ ನೆರೆಯವಳು, ಉಪದೇಶ ಮಾಡುವ ಅವಳ ಅತ್ತೆ, ಇವರಿಗೆಲ್ಲ ಎಡಗಿವಿ ಕೊಟ್ಟು, ಹೂಂ ಹೂಂ ಎನ್ನುತ್ತ ಸೊಪ್ಪು ಬಿಡಿಸುವಳು. ಅತ್ತೆ ಸಾಯುವ ತನಕ, ಸೊಸೆ ಬಹಳ ವಿಧೇಯಳು ಎಂದೇ ತಿಳಿದಿದ್ದಳು. ನನಗೆ ಮಾತ್ರ ಯಾವತ್ತೂ ಬಲಗಿವಿ. ಮದುವೆ ಬೇಡ, ಬಸ್ ಡಿಪೋದ ವಿಚಾರಣೆ ಕಿಟಕಿಯ ಕೆಲಸ ಸಾಕು, ನಿನ್ನ ಜೊತೆಗೇ ಇರುತ್ತೇನೆ ಎಂದು ನಾನು ಹೇಳಿದ್ದೂ ಆ ಕಿವಿಗೇ.

ಅಪ್ಪನ ತಲೆಗೆ ಮಬ್ಬು ಹತ್ತಿದ್ದು ಎಪ್ಪತ್ತನಾಲ್ಕನೆಯ ವಯಸ್ಸಿಗೆ. ಮೊದಲು ಬಚ್ಚಲಿಗೆ ಹೋಗುವ ದಾರಿ ತಪ್ಪಿತು, ಆಮೇಲೆ ನಾನು ಮಗಳೆಂಬುದು ತಪ್ಪಿತು. ನನ್ನನ್ನು ಒಮ್ಮೆ ನರ್ಸಮ್ಮಾ ಎನ್ನುವನು, ಒಮ್ಮೆ ಅಕ್ಕಾ ಎನ್ನುವನು. ತಲೆಯೊಳಗೆ ಮಂಜು ಕವಿದಂತೆ ಎಂದು ಹೊಸ ಡಾಕ್ಟರು ವಿವರಿಸಿದಾಗ ನನಗೆ ಮೈ ಉರಿಯಿತು. ಮಂಜಿನಲ್ಲಿ ಕೆಲಸ ಮಾಡಿ ಪಿಂಚಣಿ ತೆಗೆದುಕೊಂಡವನಿಗೆ ಮಂಜು ಒಂದು ನೆಪವೇ? ಹೊಡೆದವನು ಮರೆತು ಹಗುರಾಗಬಹುದು, ಎಣಿಸಿದವರು ನೆನಪಿಟ್ಟುಕೊಂಡು ಹೊರಬೇಕು, ಇದೆಲ್ಲಿಯ ನ್ಯಾಯ? ಪೂರ್ತಿ ಕತ್ತಲಾಗುವ ಮುಂಚೆ ಒಂದು ಸಲ, ಒಂದೇ ಸಲ, ನಾನೇ ಹೊಡೆದೆ ಎಂಬ ಮಾತು ಅವನ ಬಾಯಿಂದ ಬರಬೇಕು ಎಂದು ನಾನು ಹಟ ಹಿಡಿದೆ.

ಆದರೆ ಬಂದದ್ದು ಬೇರೆ. ಒಂದು ಬೆಳಗ್ಗೆ ಅವನು ಅಮ್ಮನ ಎಡಕ್ಕೆ ಕೂತು ಏನೋ ಕೇಳಿದ, ಅವಳಿಗೆ ಕೇಳಿಸಲಿಲ್ಲ. ಆ ಕಿವಿ ಕೇಳುವುದಿಲ್ಲ ಎಂದು ನಾನು ಹೇಳಿದೆ. ಕಿವಿಗೆ ಏನಾಯಿತು ಎಂದು ವಿಚಾರಿಸಿದ. ತಾನೇ ಕಟ್ಟಿದ ಪಟಾಕಿಯ ಕತೆಯೂ ಅವನಿಗೆ ನೆನಪಿರಲಿಲ್ಲ. ಅಮ್ಮ ಅವನ ಕಡೆ ತಿರುಗಿ, ಯಾರೋ ಹೊಡೆದರು ಎಂದಳು. ಅವನ ಕುತ್ತಿಗೆಯ ನರ ಉಬ್ಬಿತು.

"ಯಾರವನು? ಹೆಸರು ಹೇಳು. ಕೈ ಮುರಿದು ಹಾಕ್ತೀನಿ."

ಅಂದಿನಿಂದ ದಿನಾ ಬೆಳಗ್ಗೆ ಅದೇ ಪ್ರಶ್ನೆ, ದಿನಾ ಹೊಸ ಸಿಟ್ಟು. ಗದರುತ್ತಲೇ ಅವಳ ಕಿವಿಯನ್ನು ಹೆಬ್ಬೆರಳಿನಿಂದ ಸವರುವನು, ನೋವಿದೆಯಾ ಎಂದು ಕೇಳುವನು. ಅಮ್ಮ ತಲೆ ಬಾಚಿ, ಒಗೆದ ಸೀರೆ ಉಟ್ಟು ಮೊದಲೇ ಬಂದು ಕೂರತೊಡಗಿದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಹದಿನೈದು ದಿನಕ್ಕೆ ಅವನು ಹೊಡೆದವನನ್ನು ತಾನೇ ಹುಡುಕಿಕೊಂಡ. ಕರೆಂಟ್ ಮೀಟರ್ ಓದುವವನು ಒಳಗೆ ಬಂದು, ಎಡಗಿವಿ ಕೇಳದ ಅಮ್ಮನಿಗೆ ಏರುದನಿಯಲ್ಲಿ ಏನೋ ಹೇಳಿದ್ದಾನೆ. ಅಪ್ಪ ಮಂಚದ ಕೆಳಗಿನಿಂದ ಹಳೆಯ ಸುತ್ತಿಗೆ ತೆಗೆದು ಹಿಂದಿನಿಂದ ಅವನ ಭುಜಕ್ಕೆ ಹೊಡೆದ. ಎಲುಬು ಮುರಿದ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು. ನಾನು ಓಡಿ ಬರುವಾಗ ಅಪ್ಪನ ತುಟಿ ಅಲುಗುತ್ತಿತ್ತು. ಎರಡನೆಯದು ತಲೆಗೆ ಬೀಳುವ ಮುಂಚೆ ಸುತ್ತಿಗೆಗೆ ನೇತುಬಿದ್ದೆ. ಆ ಮನುಷ್ಯ ನೆಲದಲ್ಲಿ ಹೊರಳುತ್ತ, ನಾನೇನ್ ಮಾಡ್ದೆ, ನಾನೇನ್ ಮಾಡ್ದೆ ಎಂದು ಅಳುತ್ತಿದ್ದ.

ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದು ನಾನು ಅಮ್ಮನ ಬಲಕ್ಕೆ ಕೂತೆ. ಅಪ್ಪನಿಗೆ ಸತ್ಯ ಹೇಳಿಬಿಡೋಣ, ಇಲ್ಲದಿದ್ದರೆ ಇವನು ಯಾರನ್ನಾದರೂ ಕೊಲ್ಲುತ್ತಾನೆ ಎಂದೆ. ಅವಳು ಬೇಡ ಎಂದಳು. ಇಷ್ಟಾದ ಮೇಲೂ ಗಂಡನ ಮಾನ ಕಾಯುತ್ತಿದ್ದೀಯಾ ಎಂದು ರೇಗಿದೆ.

"ಗಂಡ ಹೋದ ಕಣೇ, ಯಾವತ್ತೋ ಹೋದ" ಎಂದಳು ಅಮ್ಮ. "ಇವನು ಬೇರೆ. ನನ್ನ ಪರವಾಗಿ ಇಷ್ಟು ವರ್ಷದಲ್ಲಿ ಒಬ್ಬರೂ ಎದ್ದು ನಿಲ್ಲಲಿಲ್ಲ. ನೀನೂ ನಿಲ್ಲಲಿಲ್ಲ. ಇವನು ನಿಂತಿದಾನೆ. ಇವನನ್ನ ನನ್ನಿಂದ ಕಿತ್ಕೋಬೇಡ."

ನೀನೂ ನಿಲ್ಲಲಿಲ್ಲ ಎಂಬ ಮಾತು ನನ್ನನ್ನು ಸುಟ್ಟಿತು. ಡಾಕ್ಟರ ಮುಂದೆ ಹೇಳಿದ ಸುಳ್ಳನ್ನು ಅವಳು ಮೂವತ್ತೇಳು ವರ್ಷ ಇಟ್ಟುಕೊಂಡಿದ್ದಳು. ಸುತ್ತಿಗೆಯನ್ನು ಡಿಪೋಗೆ ಒಯ್ದು ಕಪಾಟಿನಲ್ಲಿ ಬೀಗ ಹಾಕಿಟ್ಟೆ. ಸಿಟ್ಟಿಗೆ ಬೀಗ ಇರಲಿಲ್ಲ.

ಮರುದಿನ ಬೆಳಗ್ಗೆ ಅಮ್ಮ ಎಂದಿನಂತೆ ಬಂದು ಕೂತಿದ್ದಳು. ಅವನು ಕಿವಿ ಸವರಿ, ಯಾರವನು ಎಂದ. ನಾನು ನಡುವೆ ಹೋಗಿ ನಿಂತೆ. ಅಮ್ಮ ನನ್ನ ಸೆರಗು ಹಿಡಿದು ಎಳೆದಳು, ನಾನು ಬಿಡಿಸಿಕೊಂಡೆ.

"ನೀನೇ" ಎಂದೆ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಎದುರಿಗೆ ಏಕವಚನ. "ಈ ಕೈಯೇ. ಎರಡು ಸಲ. ಏಳಕ್ಕೆ ಎರಡನೇದು. ಹೇಳು, ನಾನೇ ಹೊಡೆದೆ ಅಂತ ಹೇಳು."

ಅವನು ನಕ್ಕ. ಕೆಟ್ಟ ನಗೆಯಲ್ಲ, ಮಗುವಿನ ಮಾತಿಗೆ ನಗುವಂಥ ನಗೆ. ನಾನ್ಯಾಕಮ್ಮಾ ಇವಳಿಗೆ ಹೊಡೀಲಿ ಎಂದ.

ನನ್ನ ಕೈ ಎದ್ದದ್ದು ನನಗೆ ಗೊತ್ತಾಗಲಿಲ್ಲ. ಅವನ ಎಡಗೆನ್ನೆಯ ಮೇಲೆ ಬಿದ್ದ ಸದ್ದಿನಿಂದ ಗೊತ್ತಾಯಿತು. ಕನ್ನಡಕ ಹಾರಿ ಗೋಡೆಗೆ ಬಡಿದು ಒಡೆಯಿತು, ತುಟಿ ಸೀಳಿ ರಕ್ತ ಬಂತು. ಅವನು ಕೂಗಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಕಣ್ಣು ಮುಚ್ಚಿ, ಕೆನ್ನೆ ಹಾಗೇ ಒಡ್ಡಿ, ಎಣಿಸತೊಡಗಿದ. ಒಂದು. ಎರಡು. ಮೂರು. ಅವನ ಜೊತೆ ನಾನೂ ಎಣಿಸುತ್ತಿದ್ದೆ. ಅಮ್ಮ ಸಾಕು, ಸಾಕು ಎನ್ನುತ್ತಿದ್ದಳು. ಏಳಕ್ಕೆ ನನ್ನ ಎರಡನೆಯ ಏಟು ಬಿತ್ತು.

ಅವನು ಕಣ್ಣು ಬಿಟ್ಟ. ಎಲ್ಲವೂ ನೆನಪಾಯಿತು, ಈಗ ಹೇಳುತ್ತಾನೆ ಎಂದು ನಾನು ಅವನ ಬಾಯಿಯ ಹತ್ತಿರ ಬಗ್ಗಿದೆ.

"ಎರಡೂ ಸಿಡಿದ್ವು" ಎಂದ, ಕೆಲಸ ಮುಗಿಸಿದವನ ದನಿಯಲ್ಲಿ. "ಇನ್ನು ಗಾಡಿ ನಿಲ್ಲುತ್ತೆ."

ಮರುದಿನ ಬೆಳಗ್ಗೆ ಅಮ್ಮ ತಲೆ ಬಾಚಿಕೊಂಡು ಬಂದು ಕೂತಳು. ಅವನು ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಮೂರನೆಯ ದಿನ ಅವಳೇ ಅವನ ಕೈ ಹಿಡಿದು ತನ್ನ ಕಿವಿಯ ಮೇಲಿಟ್ಟುಕೊಂಡಳು. ಅವನು ಕೈ ಹಿಂದಕ್ಕೆ ಎಳೆದುಕೊಂಡು ಕಿಟಕಿ ನೋಡಿದ. ಈಗ ನಾನು ಚಹಾ ಲೋಟ ಚಾಚಿದರೂ ಸಾಕು, ಎಡಗೆನ್ನೆ ಮುಚ್ಚಿಕೊಳ್ಳುತ್ತಾನೆ.

ಡಿಪೋದಿಂದ ಬಂದ ಮೇಲೆ ನಾನು ದಿನಾ ಅಮ್ಮನ ಪಕ್ಕ ಕೂರುತ್ತೇನೆ. ತಪ್ಪಾಯಿತು ಎನ್ನುತ್ತೇನೆ. ಆಸ್ಪತ್ರೆಯಲ್ಲಿ ಹೇಳಿದ ಸುಳ್ಳಿನಿಂದ ಶುರುಮಾಡಿ ಎಲ್ಲ ಹೇಳುತ್ತೇನೆ. ನಾನು ಬಲಕ್ಕೆ ಹೋದರೆ ಅವಳು ಕುರ್ಚಿ ತಿರುಗಿಸಿಕೊಳ್ಳುತ್ತಾಳೆ. ಹೂಂ ಹೂಂ ಎನ್ನುತ್ತ ಸೊಪ್ಪು ಬಿಡಿಸುತ್ತಾಳೆ. ನನ್ನ ಮಾತು ಮುಗಿಯುವ ತನಕ ಕಿವಿ ಕೊಟ್ಟೇ ಕೂತಿರುತ್ತಾಳೆ, ಎಡಗಿವಿ.