ಬಸಣ್ಣನ ಪಿಯಾನೋ ಇನ್ನೊಮ್ಮೆ ಕೇಳಲು ಹೋದದ್ದು

2004ರ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಕಿತ್ತೂರು ಬಿಟ್ಟೆ. ಹೊರಟದ್ದು ರಾಮದುರ್ಗಕ್ಕೆ, ತೀರಿಕೊಂಡ ಗೆಳೆಯ ಬಸಣ್ಣನ ಸ್ಮರಣೆಯ ಕಾರ್ಯಕ್ರಮಕ್ಕೆ. ಬೈಲಹೊಂಗಲದಲ್ಲಿ ಬಸ್ಸು ಬದಲಿಸಬೇಕಿತ್ತು. ಸವದತ್ತಿ ಗಾಡಿ ಎಷ್ಟಕ್ಕೆ ಎಂದು ವಿಚಾರಿಸಿದೆ. ‘ಬಂದಾಗ ಬರತೈತ್ರಿ, ಕುಂತ್ರಿ’ ಎಂದ ಕಿಟಕಿಯೊಳಗಿನ ಪುಣ್ಯಾತ್ಮ. ಈ ಉತ್ತರ ಕೊಡಲು ಅವನಿಗೊಂದು ಖೋಲಿ, ಖುರ್ಚಿ, ಮೇಲೊಂದು ಫ್ಯಾನು. ಒಂದು ತಾಸು ಕಾದೆ.

ಮುನವಳ್ಳಿ ದಾಟುವಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸಣ್ಣ ಹಾರ್ಮೋನಿಯಂ ರಿಪೇರಿ ಮಾಡುವವನು. ರಾಮದುರ್ಗದ ಹಳೆಯ ವಾಡೆಯೊಂದರಲ್ಲಿ ಇಲಿ ಹೊಕ್ಕು ಹಾಳಾಗಿದ್ದ ಪಿಯಾನೋವನ್ನು ಆರು ತಿಂಗಳು ಕೂತು ಸರಿಮಾಡಿದ್ದ. 1993ರಲ್ಲಿ ಒಂದು ಮಧ್ಯಾಹ್ನ ಅದನ್ನು ಬಾರಿಸಿದ. ಕೇಳಿದವರು ಮೂವರು: ಅವನ ಹೆಂಡತಿ, ವಾಡೆಯ ಒಡತಿ ಮುದುಕಿ, ನಾನು. ಬಾರಿಸಿದ್ದು ನಮ್ಮ ಕಡೆಯ ಒಂದು ಭಜನೆಯ ಧಾಟಿ. ಎಡಗೈ ಹಳೇ ರೂಢಿಯಂತೆ ಹಾರ್ಮೋನಿಯಂನ ತಿದಿ ಒತ್ತಲು ಹುಡುಕಿತು. ‘ಇದಕ್ಕ ಗಾಳಿ ಹಾಕೂದು ಬ್ಯಾಡಲೇ’ ಎಂದು ತನ್ನನ್ನೇ ಬೈದುಕೊಂಡು ನಕ್ಕ. ಆಮೇಲೆ ಆ ಕೈಯೂ ಪಿಯಾನೋದ ಕಪ್ಪು-ಬಿಳಿ ಮನೆಗಳ ಮೇಲೆ ಇಳಿಯಿತು. ನಾನು ಅತ್ತೆ. ಅಂಥ ಸುಖ ನನಗೆ ಮತ್ತೆ ಸಿಕ್ಕಿಲ್ಲ.

ಮುದುಕಿ ಹೋದ ಮೇಲೆ ವಾಡೆಗೆ ಬೀಗ ಬಿತ್ತು. ಬಸಣ್ಣನ ಮಗಳು ಗಿರಿಜಾ ಅವನು ಬಾರಿಸಿದ ಆ ದಿನ ಅಜ್ಜಿಯ ಊರಲ್ಲಿದ್ದಳು; ಅವಳು ಅಪ್ಪನ ಪಿಯಾನೋ ಕೇಳಲೇ ಇಲ್ಲ. ಈಗ ವಾಡೆಯ ವಾರಸುದಾರರು ಅದನ್ನು ಬೆಳಗಾವಿಯ ಯಾವುದೋ ಹೋಟೆಲಿಗೆ ಮಾರಿದ್ದಾರೆ. ಇವತ್ತೇ ಸಂಜೆ ಐದಕ್ಕೆ ಒಯ್ಯಲು ಟೆಂಪೊ. ಅದಕ್ಕೂ ಮುಂಚೆ ಗಿರಿಜಾ ಆ ಧಾಟಿಯನ್ನು ಅದರ ಮೇಲೆ ಒಮ್ಮೆ ಬಾರಿಸಬೇಕೆಂದೇ ಈ ಕಾರ್ಯಕ್ರಮ.

ಸವದತ್ತಿಯಲ್ಲಿ ದೇವಿಯ ಗುಡ್ಡಕ್ಕೆ ಹೋಗುವ ಮಂದಿಯ ನಡುವೆ ನುಗ್ಗಿ ಎರಡು ಮಿರ್ಚಿಭಜಿ ತಿಂದು, ಚಹಾ ಕುಡಿದು ಮುಂದಿನ ಬಸ್ಸು ಹತ್ತಿದೆ. ಬಿಸಿಲು ಚುರುಗುಟ್ಟುತ್ತಿತ್ತು. ವಾಡೆ ಮುಟ್ಟಿದಾಗ ಒಂದೂವರೆ.

ಪಿಯಾನೋ ಎಲ್ಲಿ? ಕಾಣಲೇ ಇಲ್ಲ. ಅದರ ಮೇಲೆ ಶಾಲುಗಳ ರಾಶಿ, ಹಾರ-ತುರಾಯಿ, ಹಣ್ಣಿನ ಬುಟ್ಟಿ, ನೀರಿನ ತಂಬಿಗೆ. ಸನ್ಮಾನದ ಸಾಮಾನಿಡಲು ಮೇಜು ಸಿಕ್ಕಿರಲಿಲ್ಲವಂತೆ. ಹದಿನೇಳು ವರ್ಷದ ಗಿರಿಜಾ ಪಕ್ಕದಲ್ಲಿ ಕೈಕಟ್ಟಿಕೊಂಡು ಕೂತಿದ್ದಳು. ‘ಕಾಕಾ, ಅವ್ವ ಗುನುಗಿದ್ದು ಕೇಳಿ ಹಾರ್ಮೋನಿಯಂ ಮ್ಯಾಲೆ ಕಲತೇನಿ. ಅಪ್ಪನ ಹಂಗ ಬರತೈತೋ ಇಲ್ಲೋ ನೀವ ಹೇಳಬೇಕು’ ಎಂದಳು.

ಅಧ್ಯಕ್ಷರು ಮಾತಾಡಿದರು. ಉಪಾಧ್ಯಕ್ಷರು ಮಾತಾಡಿದರು. ಬಸಣ್ಣನ ಮುಖವನ್ನೇ ಕಾಣದವರೊಬ್ಬರು ಅವನ ತಬಲಾವಾದನವನ್ನು ಅರ್ಧ ತಾಸು ಹೊಗಳಿದರು. ನನ್ನ ಮೈಯೆಲ್ಲ ಉರಿದುಹೋಯಿತು. ನಾಲ್ಕೂ ಇಪ್ಪತ್ತಕ್ಕೆ ಅಧ್ಯಕ್ಷರು ನನಗೂ ಶಾಲು ಹೊದಿಸಿ, ‘ಎರಡ ಮಾತು ಹೇಳ್ರಿ ಸರ, ಆಮ್ಯಾಲೆ ಹುಡುಗಿ ಬಾರಸ್ಲಿ’ ಎಂದು ಮೈಕು ಕೊಟ್ಟರು.

ಒಂದೇ ಮಾತು ಹೇಳುವವನಿದ್ದೆ: ಇದನ್ನೆಲ್ಲ ತೆಗೀರಿ, ಅವಳು ಬಾರಿಸಲಿ. ಆದರೆ ಬಾಯಿ ತೆರೆದದ್ದೇ ತಡ, ಸಿಟ್ಟು ಒದ್ದುಕೊಂಡು ಬಂತು. ಬದುಕಿದ್ದಾಗ ಬಸಣ್ಣನಿಗೆ ಒಂದು ಕಪ್ ಚಹಾ ಕೊಡದವರು ಈಗ ಅವನ ಪಿಯಾನೋ ಮೇಲೆ ಬಾಳೆಹಣ್ಣು ಇಡುತ್ತೀರಾ ಎಂದೆ. ನಿಮ್ಮ ಭಾಷಣದ ಚಟಕ್ಕೆ ಬೆಂಕಿ ಬೀಳಲಿ ಎಂದೆ. ಚಪ್ಪಾಳೆ ಬಿತ್ತು. ಸುಳ್ಳೇಕೆ, ಚಪ್ಪಾಳೆ ಬಿದ್ದಷ್ಟೂ ನನಗೆ ಹುರುಪು ಬಂತು. ಆ 1993ರ ಮಧ್ಯಾಹ್ನವನ್ನು, ತಿದಿ ಹುಡುಕಿದ ಎಡಗೈಯನ್ನು, ನನ್ನ ಅಳುವನ್ನು ಸವಿಸ್ತಾರವಾಗಿ ಬಣ್ಣಿಸಿದೆ.

ಹೊರಗೆ ಟೆಂಪೊದ ಹಾರ್ನು ಕೇಳಿಸಿತು; ಐದಾಗಿತ್ತು. ಹಮಾಲರು ಹಗ್ಗ ಹಿಡಿದು ಒಳಗೆ ಬಂದರು. ಐದೇ ನಿಮಿಷ ಎಂದು ಅಂಗಲಾಚಿದೆ. ‘ರಾತ್ರಿಯೊಳಗ ಬೆಳಗಾವಿ ಮುಟ್ಟಬೇಕ್ರಿ’ ಎಂದ ಡ್ರೈವರು. ಶಾಲು, ಬುಟ್ಟಿ ಇಳಿಸುವ ಹೊತ್ತಿಗೆ ಹಗ್ಗ ಬಿಗಿದೇ ಆಗಿತ್ತು.

ಬಸ್ ಸ್ಟ್ಯಾಂಡಿನವರೆಗೆ ಗಿರಿಜಾ ಕಳಿಸಲು ಬಂದಳು. ‘ಎಷ್ಟ್ ಛಲೋ ಮಾತಾಡಿದ್ರಿ ಕಾಕಾ. ಅಪ್ಪನ್ನ ಕಂಡಂಗಾತು. ಹೊತ್ತು ಹೋಗಿದ್ದ ತಿಳೀಲಿಲ್ಲ ನನಗ’ ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.