ಚಿಕ್ಕಪ್ಪನ ಕಾದಂಬರಿಯನ್ನು ಅವ್ವ ಓದಿದ್ದು

ಒಳ್ಳೆಯ ಪುಸ್ತಕ ಯಾವುದು ಎಂದು ಸ್ಟಾಫ್‌ರೂಮಿನಲ್ಲಿ ಯಾರಾದರೂ ಕೇಳಿದರೆ, ಮೊದಲು ಊಟದ ಪ್ರಸಂಗ ಹುಡುಕಿ ಎನ್ನುತ್ತೇನೆ. ಕಾದಂಬರಿಯಲ್ಲಿ ಹತ್ತು ಜನ ಕೂತು ಉಂಡರೆ, ಆಮೇಲೆ ಆ ತಟ್ಟೆಗಳನ್ನು ಯಾರು ತೊಳೆದರು ಎಂಬುದು ಬರೆದವನಿಗೆ ಗೊತ್ತಿರಬೇಕು. ಬರೆಯಬೇಕು ಅಂತಿಲ್ಲ, ಗೊತ್ತಿದ್ದರೆ ಸಾಕು. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಸಾಹಿತ್ಯ ನನ್ನ ವಿಷಯವಲ್ಲ. ಹಾಗಾಗಿ ಕನ್ನಡದ ಮೇಷ್ಟ್ರು ನಕ್ಕು ಸುಮ್ಮನಾಗುತ್ತಾರೆ. ನಗಲಿ. ಈ ಪರೀಕ್ಷೆ ನನ್ನದಲ್ಲ, ನನ್ನ ಅವ್ವನದು.

ಅವ್ವ ಮಳವಳ್ಳಿಯಲ್ಲಿ ಹತ್ತನೇ ತರಗತಿಯವರೆಗೆ ಓದಿ, ಭಾರತೀನಗರದಾಚೆಯ ನಮ್ಮ ಊರಿಗೆ ಸೊಸೆಯಾಗಿ ಬಂದವಳು. ಒಲೆಯ ಮುಂದೆ ಕೂತು, ಒಂದು ಕೈಯಲ್ಲಿ ಊದುಗೊಳವೆ, ಇನ್ನೊಂದು ಕೈಯಲ್ಲಿ ಪಂಚಾಯ್ತಿ ಲೈಬ್ರರಿಯ ಪುಸ್ತಕ ಹಿಡಿದು ಓದುತ್ತಿದ್ದಳು. ಪುಟಕ್ಕೊಂದು ಸಲ ಅಳುವ ಹೆಂಗಸು ಬಂದರೆ ಪುಸ್ತಕ ಮಗುಚಿ ಇಟ್ಟು, "ಇವ್ಳಿಗೆ ಮಾಡಾಕೆ ಮನೆ ಕೆಲ್ಸ ಇಲ್ವಾ?" ಎನ್ನುತ್ತಿದ್ದಳು. ಅವಳ ಪ್ರಕಾರ ಕತೆಯಲ್ಲಿನ ಕೆಟ್ಟವನು ಒಂದು ಸಲವಾದರೂ ಯಾರಿಗೋ ನೀರು ಕೊಡಬೇಕು. ಒಳ್ಳೆಯವಳು ಒಂದು ಸಲವಾದರೂ ಚಾಡಿ ಹೇಳಬೇಕು. ಇವೆಲ್ಲ ಸಣ್ಣ ಪರೀಕ್ಷೆಗಳು. ದೊಡ್ಡದು ಒಂದಿತ್ತು.

"ಬರ್ದೋನು ತನ್ನ ತಾನು ಎಲ್ಲಿ ಬಚ್ಚಿಟ್ಕಂಡವ್ನೆ ನೋಡು. ಸಿಕ್ಕಾಕ್ಕಂಡು ಒದ್ದಾಡ್ತಿದ್ರೆ ಒಳ್ಳೆ ಪುಸ್ತಕ. ದೇವ್ರಾಗಿ ಕುಂತಿದ್ರೆ ಮುಚ್ಚಿಡು."

ನಾನು ಇಷ್ಟು ವರ್ಷ ಈ ಅಳತೆ ಹಿಡಿದುಕೊಂಡೇ ಓದಿದ್ದೇನೆ. ಈಗ ಅದನ್ನು ಒಂದು ಪುಸ್ತಕದ ಮೇಲೆ ಪ್ರಯೋಗಿಸುತ್ತೇನೆ. ಸಾಹಿತ್ಯ ಸೇವೆಗೆಂದು ಯಾರೂ ತಿಳಿಯಬೇಡಿ. ಹೊಟ್ಟೆಯೊಳಗೆ ಉರಿ ಇದೆ, ಅದಕ್ಕೆ.

ಅಪ್ಪನಿಗೆ ಒಬ್ಬ ತಮ್ಮ. ನನ್ನ ಚಿಕ್ಕಪ್ಪ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾಗಿ ಈಗ ಮಂಡ್ಯದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಅವ್ವ ಮದುವೆಯಾಗಿ ಬಂದಾಗ ಅವರು ಎಸ್ಸೆಸ್ಸೆಲ್ಸಿ ಹುಡುಗ. ಪರೀಕ್ಷೆ ಹತ್ತಿರ ಬಂದಾಗ ಅವರಿಗೆ ಕಣ್ಣು ಬಂತು. ಎರಡೂ ಕಣ್ಣು ಕೆಂಪಗೆ ಊದಿಕೊಂಡು, ರೆಪ್ಪೆ ಅಂಟಿಕೊಂಡು, ಬೆಳಕು ನೋಡಲಾಗದೆ ಒಳಕೋಣೆಯಲ್ಲಿ ಒದ್ದೆಬಟ್ಟೆ ಕಟ್ಟಿಕೊಂಡು ಮಲಗಿದ್ದರಂತೆ. ಆಗ ಹೊಸ ಸೊಸೆ ಅವರ ತಲೆಯ ಹತ್ತಿರ ಕೂತು, ಇತಿಹಾಸದಿಂದ ವಿಜ್ಞಾನದವರೆಗೆ ಪಾಠಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದಳು. ಚಿಕ್ಕಪ್ಪ ಕೇಳಿಸಿಕೊಂಡೇ ಪಾಸಾದರು. ಇದನ್ನು ನಮ್ಮ ಮನೆಯಲ್ಲಿ ನಗುನಗುತ್ತಾ ಹೇಳುತ್ತಿದ್ದರು, ಚಿಕ್ಕಪ್ಪನೂ ನಗುತ್ತಿದ್ದರು.

ಮುಂದಿನದಕ್ಕೆ ಯಾರೂ ನಗುತ್ತಿರಲಿಲ್ಲ. ಅವರು ಮೇಲಿನ ಓದಿಗೆ ಮಂಡ್ಯಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲ. ನಾನು ಚಿಕ್ಕವಳು, ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದೆ. ಒಂದು ಬೆಳಿಗ್ಗೆ ಅವ್ವ ಕತೆಯಲ್ಲಿ ಮುಳುಗಿ ಅನ್ನ ಸೀದುಹೋಯಿತು. ಚಿಕ್ಕಪ್ಪನ ಬುತ್ತಿ ತಡವಾಗಿ ಬಸ್ಸು ತಪ್ಪಿತು. ಅವರು ನಡುಮನೆಗೆ ಹೋಗಿ ನನ್ನ ಅಜ್ಜಿಗೆ ಕೇಳುವಂತೆ ಹೇಳಿದರು: "ಅತ್ತಿಗೆ ದಿನಾ ಕತೆ ಪುಸ್ತಕ ಓದ್ಕಂಡು ಕುಂತಿರ್ತಾರೆ ಕಣವ್ವ. ದಿನಾ ಇದೇ ಗೋಳು."

ಅಜ್ಜಿ ಎದ್ದು ಬಂದವಳೇ ಪುಸ್ತಕ ಕಿತ್ತುಕೊಂಡು ನೀರೊಲೆಗೆ ಹಾಕಿದಳು. ಚಿಕ್ಕಪ್ಪ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಹಲ್ಲಿನಲ್ಲಿ ಸಿಕ್ಕಿದ್ದನ್ನು ತೆಗೆಯುವವರ ಹಾಗೆ ಸುಮ್ಮನೆ ಬಾಯಾಡಿಸುತ್ತಾ. ಲೈಬ್ರರಿಯವನು ಪುಸ್ತಕ ಹಿಂದಕ್ಕೆ ಬರಲಿಲ್ಲವೆಂದು ನಮ್ಮ ಮನೆಗೆ ಮತ್ತೆ ಪುಸ್ತಕ ಕೊಡಲಿಲ್ಲ. ಅಜ್ಜಿ ಇರುವವರೆಗೂ ಅವ್ವ ಕತೆ ಪುಸ್ತಕ ಮುಟ್ಟಲಿಲ್ಲ. ಕಡ್ಲೆಪುರಿ ಕಟ್ಟಿ ತಂದ ಪೇಪರನ್ನು ಬಿಡಿಸಿ, ಅಂಗೈಯಿಂದ ಸುಕ್ಕು ತೆಗೆದು, ಅದರಲ್ಲಿದ್ದಷ್ಟನ್ನೇ ನಿಂತಲ್ಲೇ ಓದುತ್ತಿದ್ದುದನ್ನು ನಾನು ನೋಡಿದ್ದೇನೆ. ಆ ಪೇಪರಿನ ತುದಿ ಹರಿದಿದ್ದರೆ ಉಳಿದ ಸುದ್ದಿ ಏನಿರಬಹುದೆಂದು ನನ್ನನ್ನು ಕೇಳುತ್ತಿದ್ದಳು. ಅಜ್ಜಿ ತೀರಿಕೊಂಡು, ನಾನು ಹೈಸ್ಕೂಲಿಗೆ ಹೋಗಿ ಶಾಲೆಯಿಂದ ಪುಸ್ತಕ ತರತೊಡಗಿದ ಮೇಲೆ ಅವಳ ಓದು ಮತ್ತೆ ಶುರುವಾಯಿತು.

ಇಷ್ಟೆಲ್ಲ ಆಗಿ, ನಿವೃತ್ತಿಯಾದ ಮೇಲೆ ಚಿಕ್ಕಪ್ಪ ಕಾದಂಬರಿ ಬರೆದರು. ಅತ್ತಿಗೆ ಮತ್ತು ಮೈದುನನ ಕತೆ. ಮಂಡ್ಯದಲ್ಲಿ ಬಿಡುಗಡೆಯಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಲ್ಲ ಆಯಿತು. ನಾನು ಒಂದು ಪ್ರತಿ ತಂದು ಅಂದೇ ಬಸ್ಸಿನಲ್ಲಿ ಓದಲು ಕೂತೆ. ಗೆಜ್ಜಲಗೆರೆ ದಾಟುವಷ್ಟರಲ್ಲಿ ಪುಸ್ತಕ ಮುಚ್ಚಿ, ಮತ್ತೆ ತೆರೆದು, ಅದೇ ಪುಟವನ್ನು ಎರಡನೇ ಸಲ ಓದುತ್ತಿದ್ದೆ.

ಕಾದಂಬರಿಯ ಅತ್ತಿಗೆಗೆ ಅಕ್ಷರ ಬಾರದು. ಪುಟಪುಟಕ್ಕೂ ಅಳುತ್ತಾಳೆ. ಅತ್ತೆ ಎಂಬ ರಾಕ್ಷಸಿ ಮೈದುನನ ಪುಸ್ತಕವನ್ನು ಒಲೆಗೆ ಎಸೆಯುತ್ತಾಳೆ. ಮೈದುನ ಬರಿಗೈಯನ್ನು ಬೆಂಕಿಗೆ ಹಾಕಿ ಅದನ್ನು ಎಳೆದು ತೆಗೆಯುತ್ತಾನೆ. ಬೊಬ್ಬೆ ಎದ್ದ ಅದೇ ಕೈಯಿಂದ ಅತ್ತಿಗೆಯ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಾನೆ. ಅವಳಿಗೆ ಪಾಠಗಳನ್ನು ಓದಿ ಓದಿ ಹೇಳುತ್ತಾನೆ. ಕೊನೆಗೆ ಅವಳು ಅವನ ತಲೆ ಸವರಿ, ನೀನು ನನ್ನ ಕಣ್ಣು ತೆರೆಸಿದೆ ಎಂದು ಹೇಳಿ ಪ್ರಾಣ ಬಿಡುತ್ತಾಳೆ.

ಸುಳ್ಳು ಬರೆಯಲಿ, ಕಾದಂಬರಿ ಎಂದರೆ ಸುಳ್ಳೇ. ಆದರೆ ಕದ್ದ ಮಾಲನ್ನು ಒಡೆಯನಿಗೇ ದಾನ ಕೊಟ್ಟೆ ಎಂದು ಬರೆಯುವುದು ಯಾವ ಸೀಮೆಯ ಸುಳ್ಳು? ಅವಳ ಓದನ್ನು ನಿಲ್ಲಿಸಿದವರು ಇವರು. ಅವಳಿಗೆ ಓದು ಕೊಟ್ಟವರೂ ಇವರೇ ಆದರು. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ನನ್ನನ್ನು ತಡೆದು, "ನಿಮ್ಮ ತಾಯಿ ಪುಣ್ಯವಂತರು ಕಣ್ರೀ, ಅಂಥ ಮೈದುನ ಯಾರಿಗ್ ಸಿಕ್ತಾರೆ?" ಎಂದರು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ಅವತ್ತೇ ನಿರ್ಧರಿಸಿದೆ, ಇವರಿಗೆ ಬಡ್ಡಿಸಮೇತ ತೀರಿಸಬೇಕು ಎಂದು. ಹೇಗೆ ಎಂದು ಗೊತ್ತಿರಲಿಲ್ಲ.

ದಾರಿಯನ್ನು ಅವ್ವನೇ, ತನಗೆ ತಿಳಿಯದಂತೆ, ನನ್ನ ಕೈಗೆ ಕೊಟ್ಟಳು.

ಅವಳಿಗೆ ಆ ಪುಸ್ತಕ ಕೊಡುವ ಮನಸ್ಸು ನನಗಿರಲಿಲ್ಲ. ಆದರೆ ಮನೆಯಲ್ಲಿ ಪುಸ್ತಕ ಬಚ್ಚಿಟ್ಟರೆ ಅವಳಿಗೆ ವಾಸನೆ ಬರುತ್ತಿತ್ತು. ಜಗಲಿಯಲ್ಲಿ ಕೂತು, ದಪ್ಪ ಕನ್ನಡಕ ಹಾಕಿಕೊಂಡು, ಕೆಲವು ದಿನ ಓದಿದಳು. ಬೆಂಕಿಯ ಪುಟ ಬಂದಾಗ ನಾನು ಬಾಗಿಲ ಹತ್ತಿರ ನಿಂತು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಕೆಮ್ಮು ಬರುವಷ್ಟು ನಕ್ಕಳು.

"ಬೆಂಕಿಗೆ ಕೈ ಇಕ್ಕಿದ್ನಂತೆ ಕಣೇ! ಒಲೆ ಉರಿ ಮುಂದಕ್ಕೆ ತಳ್ಳಲಾ ಅಂದ್ರೆ ಮಾರುದೂರ ಓಡೋಗೋನು."

ನಗಬೇಡ, ಬೈಯಿ ಎಂದೆ. ಬೈಯಲಿಲ್ಲ. ಮುಂದಿನ ಪುಟಕ್ಕೆ ಬಂದಾಗ ಅವಳ ನಗು ನಿಂತಿತು. ಆ ಪುಟವನ್ನು ಎರಡು ಸಲ ಓದಿ, ನನ್ನನ್ನು ಕರೆದು, ಉಗುರಿನಿಂದ ಸಾಲು ತೋರಿಸಿದಳು. ಮೈದುನ ಅತ್ತಿಗೆಗೆ ಪಾಠ ಓದಿ ಹೇಳುವ ಭಾಗ ಅದು. ಅವನ ಓದನ್ನು ಚಿಕ್ಕಪ್ಪ ವಿವರವಾಗಿ ಬರೆದಿದ್ದರು. ಕಷ್ಟದ ಪದ ಬಂದರೆ ಮೊದಲು ಮನಸ್ಸಿನಲ್ಲೇ ಓದಿಕೊಂಡು ಆಮೇಲೆ ಗಟ್ಟಿಯಾಗಿ ಹೇಳುವುದು, ಸಾಲು ತಪ್ಪಿದರೆ ನಾಲಿಗೆಯಲ್ಲಿ ಲೊಚಗುಟ್ಟಿ ಮತ್ತೆ ಮೊದಲಿಂದ ಶುರುಮಾಡುವುದು, ಪಾಠ ಮುಗಿದಾಗ ಮೂಗಿನಲ್ಲೇ ಒಂದು "ಹೂಂ" ಎನ್ನುವುದು. ಅದು ಅವ್ವ ಓದುವ ರೀತಿ. ಒಂದಿಷ್ಟೂ ಬದಲಿಲ್ಲ. ನನಗೂ ಅವಳು ಹಾಗೇ ಓದಿ ಹೇಳಿದ್ದಳು.

"ಇದು ನಾನು ಕಣೇ," ಎಂದಳು. "ಕಣ್ ಮುಚ್ಕಂಡು ಮಲ್ಗಿದ್ದೋನು, ಇಷ್ಟ್ ವರ್ಸ ಕಿವೀಲಿ ಮಡೀಕಂಡವ್ನೆ ನೋಡು. ಬಚ್ಚಿಟ್ಕಳಾಕೆ ಓಗಿ ಇಲ್ಲಿ ಸಿಕ್ಕಾಕ್ಕಂಡವ್ನೆ. ಮಿಕ್ಕಿದ್ದೆಲ್ಲ ಜೊಳ್ಳು. ಇದೊಂದ್ ಪುಟ ಮಾತ್ರ ಗಟ್ಟಿಕಾಳು. ಅವ್ನಿಗೆ ಏಳು, ಈ ಪುಟ ಚೆನ್ನಾಗದೆ ಅಂದ್ಲು ಅತ್ತಿಗೆ ಅಂತ."

"ನೀನೇ ಫೋನ್ ಮಾಡಿ ಏಳು."

"ನಾನ್ ಏಳಾಕಿಲ್ಲ. ನಾನ್ ಏಳಿದ್ರೆ ಎಲ್ಲಾ ಮನ್ನಿಸ್ಬುಟ್ಳು ಅಂದ್ಕತನೆ. ಮನ್ನಿಸಿಲ್ಲ ನಾನು. ನೀನ್ ಏಳು, ಪುಟದ್ದು ಮಾತ್ರ ಏಳು."

ಆಗಲಿ ಎಂದೆ. ಹೇಳಲಿಲ್ಲ. ಕೆಲವು ತಿಂಗಳಿಗೆ ಅವ್ವ ತೀರಿಕೊಂಡಳು. ಮಣ್ಣಿಗೆ ಬಂದಿದ್ದ ಚಿಕ್ಕಪ್ಪ ನನ್ನ ಪಕ್ಕ ನಿಂತು ಅತ್ತರು. ಅಳುವಿನ ಮಧ್ಯೆಯೇ, ಅತ್ತಿಗೆ ಕಾದಂಬರಿ ಓದಿದ್ದರಾ ಎಂದು ಕೇಳಿದರು. ನೋಡಿದಳು ಎಂದಷ್ಟೇ ಹೇಳಿದೆ. ಆಗ ನನಗೆ ಗೊತ್ತಾಯಿತು, ಪೇಟ, ಶಾಲು ಯಾವುದೂ ಅವರ ಹಸಿವು ನೀಗಿಸಿಲ್ಲ ಎಂದು. ಅವರಿಗೆ ಬೇಕಿದ್ದುದು ಒಬ್ಬಳೇ ಓದುಗಾರ್ತಿಯ ಮಾತು. ಆ ಮಾತು ನನ್ನ ಹತ್ತಿರ ಇತ್ತು.

ಮುಂದಿನ ಪಿತೃಪಕ್ಷಕ್ಕೆ ಊರಿನ ಮನೆಯಲ್ಲಿ ಅವ್ವನಿಗೆ ಎಡೆ ಇಟ್ಟೆವು. ನಮ್ಮಲ್ಲಿ ಸತ್ತವರ ಫೋಟೋ ಮುಂದೆ ಬಾಳೆಲೆ ಹಾಸಿ, ಅವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಡಿಸುತ್ತಾರೆ. ಮೊದಲೇ ತೀರಿಹೋಗಿದ್ದ ಅಪ್ಪನ ಎಲೆಗೆ ಮಟನ್ ಸಾರು, ಮುದ್ದೆ, ಒಂದು ಕಟ್ಟು ಬೀಡಿ. ಅವ್ವನ ಎಲೆಗೆ ಹುರುಳಿಕಾಳಿನ ಬಸ್ಸಾರು, ಕಡ್ಲೆಪುರಿ, ಲೋಟದ ತುಂಬ ಕಾಫಿ, ಹೊಸ ಸೀರೆ, ಮತ್ತು ಅವಳು ಅರ್ಧ ಓದಿ ಬಿಟ್ಟುಹೋದ ಒಂದು ಪುಸ್ತಕ. ಎಲ್ಲ ಇಟ್ಟು ಬಾಗಿಲು ಮುಂದಕ್ಕೆಳೆದು, ಅವರು ಬಂದು ಉಂಡು ಹೋಗಲೆಂದು ಮನೆಯವರೆಲ್ಲ ಹೊರಗೆ ಕೂರುತ್ತಾರೆ. ಸತ್ತವರಿಗೆ ಇಷ್ಟವಿಲ್ಲದ್ದನ್ನು ಎಡೆಗೆ ಇಡುವಂತಿಲ್ಲ, ಇಟ್ಟರೆ ಉಣ್ಣದೆ ಎದ್ದು ಹೋಗುತ್ತಾರೆ.

ಬಾಗಿಲು ಎಳೆಯುವ ಮೊದಲು ಚಿಕ್ಕಪ್ಪ ಚೀಲದಿಂದ ತಮ್ಮ ಕಾದಂಬರಿ ತೆಗೆದರು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದನ್ನು ಕಣ್ಣಿಗೊತ್ತಿಕೊಂಡು ಅವ್ವನ ಎಲೆಯ ಪಕ್ಕ ಇಟ್ಟರು. ನಾನು ಬಾಗಿ ಅದನ್ನು ಎತ್ತಿ ಅವರ ಕೈಗೇ ಕೊಟ್ಟೆ.

"ಇದು ಬ್ಯಾಡ ಚಿಕ್ಕಪ್ಪ. ಅವ್ವಂಗೆ ಇಷ್ಟ ಆದದ್ದು ಮಾತ್ರ ಇಡಾದು."

ಎಲ್ಲರೂ ಅಲ್ಲೇ ನಿಂತರು. ಅಪ್ಪನ ಅಕ್ಕ, ನನ್ನ ಸೋದರತ್ತೆ, ಓದು ಬಾರದವಳು, "ಅದ್ರಲ್ಲೇನೈತೆ?" ಎಂದು ಕೇಳಿದಳು. ನಾನು ಹೇಳಿದೆ. ಅವ್ವನಿಗೆ ಚಿಕ್ಕಪ್ಪ ಅಕ್ಷರ ಕಲಿಸಿದ್ದು, ಬೆಂಕಿಗೆ ಕೈ ಹಾಕಿದ್ದು, ಎಲ್ಲವನ್ನೂ ಒಂದೊಂದಾಗಿ, ತರಗತಿಯಲ್ಲಿ ಲೆಕ್ಕ ಬಿಡಿಸುವಷ್ಟು ನಿಧಾನವಾಗಿ ಹೇಳಿದೆ. ಒಂದೊಂದು ಮಾತಿಗೂ ಚಿಕ್ಕಪ್ಪನ ಮುಖ ಕೆಳಗಿಳಿಯಿತು. ನನಗೆ ಹಬ್ಬದೂಟ ಉಂಡಷ್ಟು ಖುಷಿಯಾಯಿತು.

"ಲೇ, ನೀನು ಅಕ್ಸರ ಕಲಿಸ್ದಾ?" ಅತ್ತೆ ತಮ್ಮನ ಕಡೆ ತಿರುಗಿದಳು. "ಅವ್ಳು ಓದಿ ಏಳ್ದೆ ಇದ್ದಿದ್ರೆ ನೀನ್ ಪಾಸಾಯ್ತಿದ್ದೇನ್ಲಾ? ಪುಸ್ತಕ ಒಲೆಗೋಗಂಗೆ ನಮ್ಮವ್ವಂಗೆ ಚಾಡಿ ಏಳ್ದೋನು ನೀನೇ ಕಣ್ಲಾ. ನಾನ್ ಬಾಣಂತನಕ್ಕೆ ಇಲ್ಲೇ ಇದ್ದೆ."

"ಕಾದಂಬರಿ ಕಣಕ್ಕ. ಕಲ್ಪನೆ ಅನ್ನೋದು ಇರುತ್ತೆ," ಎಂದರು ಚಿಕ್ಕಪ್ಪ.

"ನಿನ್ ಕಲ್ಪನೇಲಿ ನೀನ್ಯಾಕ್ಲಾ ಚಾಡಿ ಏಳಾಕಿಲ್ಲ?"

ಚಿಕ್ಕಪ್ಪ ಪುಸ್ತಕಕ್ಕೆ ಮತ್ತೆ ರೇಷ್ಮೆ ಬಟ್ಟೆ ಸುತ್ತತೊಡಗಿದರು. ಬಾಗಿಲು ಎಳೆದು ಎಲ್ಲರೂ ಜಗಲಿಗೆ ಬಂದೆವು. ಚಿಕ್ಕಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿದರು. ರೇಷ್ಮೆ ಬಟ್ಟೆ ಜಾರಿ ಕೆಳಗೆ ಬಿದ್ದಿತ್ತು, ಯಾರೂ ಎತ್ತಿಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಹತ್ತಿರಕ್ಕೆ ಸರಿದು ಕೂತರು. ಕಾಲೇಜಿನ ಕನ್ನಡ ಎಲ್ಲೋ ಹೋಗಿ ಊರ ಮಾತು ಬಂದಿತ್ತು.

"ಬಯ್ಯಿ ಮಗಾ, ಬಯ್ಸ್ಕಬೇಕು ನಾನು. ಆದ್ರೆ ನಿಜ ಏಳು. ಅತ್ತಿಗೆ ಪೂರ್ತಿ ಓದಿದ್ರಾ?"

"ಓದಿದ್ಲು."

"ಏನಾರ ಅಂದ್ರಾ? ಪಾಠ ಓದೋ ಪುಟ ಐತಲ್ಲ, ಅದ್ರ ಬಗ್ಗೇನಾರ?"

ಅವರು ಕೇಳಿದ್ದು ಆ ಪುಟವನ್ನೇ. ಅದೊಂದೇ ಗಟ್ಟಿಕಾಳು ಎಂದು ಅವರಿಗೂ ಗೊತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ, ಕಣ್ಣು ನೆಟ್ಟು ನನ್ನ ಬಾಯನ್ನೇ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು. ಅದನ್ನು ಅವರಿಗೆ ತಿಳಿಸು ಎಂದೇ ಅವ್ವ ಹೇಳಿ ಹೋಗಿದ್ದಳು. ಆದರೆ ಪೊಟ್ಟಣದ ಪೇಪರನ್ನು ಅಂಗೈಯಲ್ಲಿ ಸವರಿ ಓದುತ್ತಿದ್ದವಳು ನನ್ನ ಕಣ್ಣ ಮುಂದೆ ಬಂದಳು.

"ಏನೂ ಅನ್ನಲಿಲ್ಲ ಚಿಕ್ಕಪ್ಪ. ಓದಿ ಮುಚ್ಚಿಟ್ಲು."

ಅವರು ತಲೆಯಾಡಿಸಿದರು. ಬಾಗಿಲು ತೆರೆದು ಎಲ್ಲರೂ ಊಟಕ್ಕೆ ಕೂತಾಗ, ಹಸಿವಿಲ್ಲ ಎಂದು ಹೇಳಿ ಎದ್ದು ಕಾರು ಹತ್ತಿದರು. ನಾನು ಎರಡು ಸಲ ಬಸ್ಸಾರು ಹಾಕಿಸಿಕೊಂಡು ಉಂಡೆ.

ಈಗಲೂ ಆಗಾಗ ಫೋನ್ ಮಾಡುತ್ತಾರೆ. ಆರೋಗ್ಯ, ಮಳೆ, ಕಬ್ಬಿನ ಕಟಾವು ಎಲ್ಲ ವಿಚಾರಿಸಿ, ಕೊನೆಗೆ ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ. ನಾನು ಇಲ್ಲ ಎನ್ನುತ್ತೇನೆ. ಅವ್ವನ ಮಾತು ಮೀರಿದ್ದೇನೆ, ನಿಜ. ಅವಳು ಒಳ್ಳೆಯ ಓದುಗಾರ್ತಿಯಾಗಿದ್ದಳು, ಪುಟಕ್ಕೆ ನ್ಯಾಯ ಕೊಟ್ಟಳು. ನಾನು ಅವಳ ಮಗಳು, ನನಗೆ ಬೇರೆ ಕೆಲಸವಿದೆ.

ಇದನ್ನು ಅಚ್ಚಿಗೆ ಕೊಡುತ್ತೇನೆ ಎಂದಾಗ ನನ್ನ ಗಂಡ ಗಾಬರಿಯಾದ. ಚಿಕ್ಕಪ್ಪ ಓದಿದರೆ ಅವ್ವ ಏನಂದಿದ್ದಳು ಎಂದು ತಿಳಿದುಬಿಡುತ್ತದಲ್ಲ, ಇಷ್ಟು ದಿನ ಮುಚ್ಚಿಟ್ಟದ್ದೆಲ್ಲ ವ್ಯರ್ಥವಲ್ಲವೇ ಎಂದ. ನನಗೆ ಆ ಭಯವಿಲ್ಲ. ತಾವು ಬರೆಯಲು ಶುರುಮಾಡಿದ ಮೇಲೆ ಚಿಕ್ಕಪ್ಪ ಬೇರೆ ಯಾರು ಬರೆದದ್ದನ್ನೂ ಓದುವುದಿಲ್ಲ.